ಪಂಜೆಯವರ ಹುಟ್ಟುಹಬ್ಬಕ್ಕೆ ಭಾಷಣ ಬೇಡ, ಗಟ್ಟಿಯಾಗಿ ಓದೋಣ: ಮಕ್ಕಳ ಓದಿನ ಕೂಟ ನಡೆಸಲು ಸಮಗ್ರ ಮಾರ್ಗದರ್ಶಿ

ಫೆಬ್ರವರಿ 22 ಪಂಜೆ ಮಂಗೇಶರಾಯರು ಹುಟ್ಟಿದ ದಿನ. ಸಾಹಿತಿಗಳ ಹುಟ್ಟುಹಬ್ಬ ನಮ್ಮಲ್ಲಿ ಹೇಗೆ ನಡೆಯುತ್ತದೆ ಅಂತ ಎಲ್ಲರಿಗೂ ಗೊತ್ತು. ಒಂದು ಫೋಟೊ, ಒಂದು ಹಾರ, ಸ್ವಾಗತ, ಪ್ರಾಸ್ತಾವಿಕ ಮಾತು, ಮುಕ್ಕಾಲು ಗಂಟೆ ಉಪನ್ಯಾಸ, ವಂದನಾರ್ಪಣೆ. ಮುಂದಿನ ಸಾಲಲ್ಲಿ ಕೂರಿಸಿದ ಮಕ್ಕಳು ಅಷ್ಟು ಹೊತ್ತೂ ಚಾಪೆಯ ನೂಲು ಕೀಳುತ್ತಿರುತ್ತಾರೆ. ಪಂಜೆಯವರು ಬರೆದದ್ದು ಆ ಮಕ್ಕಳಿಗಾಗಿ. ಆದರೆ ಕಾರ್ಯಕ್ರಮ ಮುಗಿಯುವವರೆಗೂ ಅವರ ಒಂದು ಸಾಲೂ ಆ ಕಿವಿಗಳಿಗೆ ಬಿದ್ದಿರುವುದಿಲ್ಲ.

ಇದಕ್ಕೆ ಸುಲಭದ ದಾರಿ ಒಂದಿದೆ: ಅವರು ಬರೆದದ್ದನ್ನು ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳುವುದು. ಪಂಜೆಯವರ ಪದ್ಯಗಳು ಕಣ್ಣಿಗಿಂತ ಕಿವಿಗೆ ಜಾಸ್ತಿ ಒಗ್ಗುತ್ತವೆ. ಮನಸ್ಸಲ್ಲೇ ಓದಿಕೊಂಡರೆ ಅರ್ಧ ರುಚಿ ಹೋಯಿತು. ಮನೆ, ಶಾಲೆ, ಅಪಾರ್ಟ್‌ಮೆಂಟಿನ ಸಭಾಂಗಣ, ಊರಿನ ಲೈಬ್ರರಿ, ಎಲ್ಲಿ ಬೇಕಾದರೂ ಇದನ್ನು ಮಾಡಬಹುದು. ಖರ್ಚು ಅಂತ ಬರುವುದು ಒಂದಿಷ್ಟು ಜೆರಾಕ್ಸ್‌ಗೆ ಮಾತ್ರ. ಆದರೆ ತಯಾರಿ ಬೇಕು. ಸುಮ್ನೆ ಪುಸ್ತಕ ಹಿಡಿದು ಕೂತರೆ ಹತ್ತು ನಿಮಿಷದಲ್ಲಿ ಮಕ್ಕಳು ನಿಮ್ಮ ಕೈತಪ್ಪಿ ಹೋಗುತ್ತಾರೆ.

ದಿನ, ಹೊತ್ತು, ಮಕ್ಕಳ ಸಂಖ್ಯೆ

ಫೆಬ್ರವರಿ ಕೊನೆಯ ವಾರ ಅಂದರೆ ಪರೀಕ್ಷೆ ಬಾಗಿಲಿಗೆ ಬಂದಿರುತ್ತದೆ. ಹತ್ತನೇ ತರಗತಿಯವರನ್ನು ಕರೆಯುವ ಆಸೆ ಬಿಡಿ. ಒಂದರಿಂದ ಐದನೇ ತರಗತಿಯವರೆಗಿನ ಮಕ್ಕಳನ್ನು ಗುರಿಯಾಗಿ ಇಟ್ಟುಕೊಳ್ಳಿ. ಸರ್ಕಾರಿ ಶಾಲೆಯಾದರೆ ನಲಿ-ಕಲಿ ತರಗತಿಗಳು ಇದಕ್ಕೆ ಹೇಳಿ ಮಾಡಿಸಿದ ಜಾಗ. ಆ ಮಕ್ಕಳು ನೆಲದ ಮೇಲೆ ಗುಂಪಾಗಿ ಕೂತು ಹಾಡಿ ಅಭ್ಯಾಸವಿದ್ದವರು.

ಹನ್ನೆರಡರಿಂದ ಹದಿನೈದು ಮಕ್ಕಳಿದ್ದರೆ ಹದವಾಗಿರುತ್ತದೆ. ಐವತ್ತು ಮಕ್ಕಳು ಬಂದರೆ ಒಬ್ಬರೇ ಓದಲು ಹೋಗಬೇಡಿ. ಮೂರು ಗುಂಪು ಮಾಡಿ, ಮೂವರು ಓದಿ. ಮೈಕ್ ತಂದರೆ ಓದುವವರ ಪಿಸುಮಾತು ಸತ್ತುಹೋಗುತ್ತದೆ, ಮಕ್ಕಳೂ ಸಭೆಗೆ ಬಂದ ಹಾಗೆ ಸೆಟೆದು ಕೂರುತ್ತಾರೆ. ಹಾಗಾಗಿ ಮೈಕ್ ಬೇಕಾಗುವಷ್ಟು ದೊಡ್ಡ ಗುಂಪು ಬೇಡವೇ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಹೊತ್ತು ನಲವತ್ತು ನಿಮಿಷ ಸಾಕು. ಊಟ ಆದ ಮೇಲಿನ ಮೊದಲ ಪೀರಿಯಡ್ ಮಾತ್ರ ಬೇಡ. ಆಗ ಓದುವವರಿಗೂ ನಿದ್ದೆ ಬರುತ್ತದೆ.

22ನೇ ತಾರೀಕು ಆಗಲಿಲ್ಲ ಅಂದರೆ ಅದೇ ವಾರದಲ್ಲಿ ಇನ್ನೊಂದು ದಿನ ಮಾಡಿ. ತಾರೀಕು ಹಿಡಿದುಕೊಂಡು ಗಡಿಬಿಡಿ ಮಾಡುವುದಕ್ಕಿಂತ ಪುರುಸೊತ್ತಾಗಿ ಓದುವುದು ಮುಖ್ಯ.

ಏನು ಓದಬೇಕು

ಎಲ್ಲವನ್ನೂ ತೋರಿಸಬೇಕು ಅನ್ನುವ ಆಸೆಗೆ ಬಿದ್ದರೆ ಕೂಟ ಕೆಟ್ಟಿತು. ಎರಡು ಪದ್ಯ, ಒಂದು ಕಥೆ. ಹೆಚ್ಚೆಂದರೆ ಕೊನೆಗೆ ಇನ್ನೊಂದು ಪದ್ಯ. ಅಷ್ಟೇ.

ಪದ್ಯಗಳಲ್ಲಿ ‘ನಾಗರಹಾವೇ’ ಇರಲೇಬೇಕು. ಇದನ್ನು ಬಿಟ್ಟು ಪಂಜೆಯವರ ಹಬ್ಬ ಮಾಡುವುದು ನನ್ನಿಂದಂತೂ ಆಗದ ಕೆಲಸ. ಎರಡನೆಯದಾಗಿ ‘ತೆಂಕಣ ಗಾಳಿಯಾಟ’ ಅಥವಾ ‘ಉದಯರಾಗ’ ತೆಗೆದುಕೊಳ್ಳಿ. ಗಾಳಿಯ ಪದ್ಯ ಸದ್ದಿನ ಪದ್ಯ, ಗುಂಪಿನಲ್ಲಿ ಓದಲು ಬಹಳ ಚೆನ್ನ. ‘ಉದಯರಾಗ’ ಸಣ್ಣದು, ‘ಮೂಡುವನು ರವಿ’ ಅಂತ ಶುರುವಾದರೆ ಸಾಕು, ಹಿರಿಯರೆಲ್ಲ ತಾವಾಗಿ ದನಿ ಸೇರಿಸುತ್ತಾರೆ. ‘ಹುತ್ತರಿ ಹಾಡು’ ದೊಡ್ಡ ಪದ್ಯ. ಕೊಡಗಿನವರಿಗೆ ಅದು ನಾಡಗೀತೆಯಷ್ಟೇ ಹತ್ತಿರ. ಆದರೆ ಅದರ ಮಾತು ಪುಟ್ಟ ಮಕ್ಕಳಿಗೆ ಭಾರ. ಹೈಸ್ಕೂಲ್ ಮಕ್ಕಳಿದ್ದರೆ ಮಾತ್ರ ಕೈಗೆತ್ತಿಕೊಳ್ಳಿ.

ಕಥೆಗಳಲ್ಲಿ ‘ಮೂರು ಕರಡಿಗಳು’, ‘ಸಿಗಡಿ ಯಾಕೆ ಒಣಗಲಿಲ್ಲ’, ‘ಅರ್ಗಣೆ ಮುದ್ದೆ’, ‘ಗುಡುಗುಡು ಗುಮ್ಮಟ ದೇವರು’, ‘ಇಲಿಗಳ ತಕಥೈ’ ಇವೆಲ್ಲ ಇವೆ. ಹೆಸರು ಓದಿದರೇ ಬಾಯಿಗೆ ಹಿತ, ಅಲ್ವಾ? ಮೊದಲ ಸಲ ಕೂಟ ನಡೆಸುವವರು ‘ಮೂರು ಕರಡಿಗಳು’ ಆರಿಸಿಕೊಳ್ಳಿ. ಕಥೆ ಬಹಳ ಮಕ್ಕಳಿಗೆ ಗೊತ್ತಿರುತ್ತದೆ, ಅದೇ ಅದರ ಅನುಕೂಲ. ಮುಂದೇನು ಅಂತ ಗೊತ್ತಿದ್ದರೂ ಮತ್ತೆ ಕೇಳುವುದು ಮಕ್ಕಳಿಗೆ ಇಷ್ಟ. ದೊಡ್ಡ ಕರಡಿ, ನಡುವಿನ ಕರಡಿ, ಮರಿ ಕರಡಿ ಅಂತ ಮೂರು ದನಿ ಬೇಕಾಗುವುದರಿಂದ ಮೂವರು ದೊಡ್ಡವರನ್ನು ಕೆಲಸಕ್ಕೆ ಹಚ್ಚಬಹುದು. ಮರಿ ಕರಡಿಯ ದನಿಯನ್ನು ಮನೆಯ ಅತಿ ಗಂಭೀರ ವ್ಯಕ್ತಿಗೆ ಕೊಡಿ. ಮಕ್ಕಳು ಬಿದ್ದು ಬಿದ್ದು ನಗುತ್ತಾರೆ.

ಹತ್ತು ಹನ್ನೆರಡು ವರ್ಷದವರಿದ್ದರೆ ‘ಕೋಟಿ ಚೆನ್ನಯ’ದ ಒಂದು ಭಾಗ ಓದಬಹುದು. ತುಳುನಾಡಿನ ವೀರರ ಕಥೆ ಅದು, ಹೊಡೆದಾಟ, ಸಾವು ಎಲ್ಲ ಇದೆ. ಮೊದಲು ನೀವು ಪೂರ್ತಿ ಓದಿಕೊಂಡು ಯಾವ ಭಾಗ ಅಂತ ನಿರ್ಧರಿಸಿ.

ಪಠ್ಯ ಎಲ್ಲಿ ಸಿಗುತ್ತದೆ

ಜಿಲ್ಲಾ ಕೇಂದ್ರದ ಸಾರ್ವಜನಿಕ ಗ್ರಂಥಾಲಯ ಅಥವಾ ಹತ್ತಿರದ ಕಾಲೇಜಿನ ಲೈಬ್ರರಿಯಲ್ಲಿ ಪಂಜೆಯವರ ಕೃತಿಗಳ ಸಂಪುಟಗಳನ್ನು ಕೇಳಿ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ, ಅಂದರೆ ಪಂಚಾಯಿತಿಯ ಗ್ರಂಥಾಲಯಕ್ಕೆ ಹೋಗಿ. ಪುಸ್ತಕ ಅಲ್ಲಿ ಇಲ್ಲದಿದ್ದರೂ ಕೂಟ ನಡೆಸಲು ಜಾಗ, ಚಾಪೆ, ಮಕ್ಕಳು ಮೂರೂ ಅಲ್ಲೇ ಸಿಗಬಹುದು. ಸರ್ಕಾರದ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದ ಮೇಲೆ ಶಾಲಾ ಮಕ್ಕಳನ್ನು ಈ ಗ್ರಂಥಾಲಯಗಳಿಗೆ ಉಚಿತವಾಗಿ ಸದಸ್ಯರನ್ನಾಗಿ ಮಾಡಿಕೊಳ್ಳಲಾಗಿದೆ.

ಮನೆಯ ಅಟ್ಟವನ್ನೂ ಮರೆಯಬೇಡಿ. ಹಳೆಯ ಕನ್ನಡ ಪಠ್ಯಪುಸ್ತಕಗಳಲ್ಲಿ ಪಂಜೆಯವರ ಪದ್ಯ ಇದ್ದೇ ಇರುತ್ತಿತ್ತು. ಇಂಟರ್ನೆಟ್ಟಿನಲ್ಲೂ ಪದ್ಯಗಳು ಸಿಗುತ್ತವೆ. ಆದರೆ ಅಲ್ಲಿ ತಪ್ಪುಗಳು ಜಾಸ್ತಿ. ಒಬ್ಬರು ನೆನಪಿನಿಂದ ಟೈಪ್ ಮಾಡಿದ್ದನ್ನು ಇನ್ನೊಬ್ಬರು ನಕಲು ಮಾಡಿರುತ್ತಾರೆ, ಒಂದು ಮಾತ್ರೆ ಬಿಟ್ಟುಹೋದರೆ ಓದುವಾಗ ನಾಲಿಗೆ ಎಡವುತ್ತದೆ. ಅಚ್ಚಾದ ಪುಸ್ತಕದ ಜೊತೆ ಒಮ್ಮೆ ತಾಳೆ ನೋಡಿ.

ಹಕ್ಕಿನ ಮಾತನ್ನೂ ಇಲ್ಲೇ ಮುಗಿಸಿಬಿಡೋಣ. ನಮ್ಮ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಕಾಪಿರೈಟ್ ಇರುತ್ತದೆ. ಪಂಜೆಯವರು ತೀರಿಕೊಂಡದ್ದು 1937ರಲ್ಲಿ. ಅಂದರೆ ಅವರ ಬದುಕಿನಲ್ಲಿ ಪ್ರಕಟವಾದ ಬರಹ ಈಗ ಎಲ್ಲರ ಸ್ವತ್ತು. ಜೆರಾಕ್ಸ್ ಮಾಡಿ ಹಂಚಬಹುದು, ಓದಿ ರೆಕಾರ್ಡ್ ಮಾಡಿ ಯೂಟ್ಯೂಬಿಗೂ ಹಾಕಬಹುದು. ಹೊಸ ಮುದ್ರಣದಲ್ಲಿರುವ ಚಿತ್ರಗಳು, ಮುನ್ನುಡಿ, ಟಿಪ್ಪಣಿಗಳು ಬೇರೆಯವರವು, ಅವನ್ನು ಮುಟ್ಟಬೇಡಿ. ಜಿ.ಪಿ. ರಾಜರತ್ನಂ ಅವರ ಶಿಶುಗೀತೆಗಳನ್ನೂ ಸೇರಿಸೋಣ ಅನ್ನಿಸಿದರೆ ನೆನಪಿಡಿ: ಅವರು ತೀರಿಕೊಂಡದ್ದು 1979ರಲ್ಲಿ, ಕಾಪಿರೈಟ್ ಇನ್ನೂ ಇದೆ. ಕೂಟದಲ್ಲಿ ಒಂದಷ್ಟು ಓದಿ ಹೇಳಲು ಅಡ್ಡಿಯಿಲ್ಲ. ಅಚ್ಚು ಹಾಕಿ ಹಂಚುವುದು, ವಿಡಿಯೊ ಹಾಕುವುದು ಅನುಮತಿ ಇಲ್ಲದೆ ಬೇಡ.

ಓದುವ ಪ್ರತಿ ಸಿದ್ಧ ಮಾಡುವುದು

ಪುಸ್ತಕದಿಂದ ನೇರವಾಗಿ ಓದಬೇಡಿ. ಸಣ್ಣ ಅಕ್ಷರ, ಮಡಚಿಕೊಳ್ಳುವ ಹಾಳೆ, ಕನ್ನಡಕ ಜಾರುವುದು, ಇಷ್ಟರಲ್ಲೇ ಓಟ ಕೆಡುತ್ತದೆ. ಪದ್ಯವನ್ನು ದೊಡ್ಡ ಅಕ್ಷರದಲ್ಲಿ ಬರೆದುಕೊಳ್ಳಿ ಅಥವಾ ಪ್ರಿಂಟ್ ತೆಗೆಯಿರಿ. ಒಂದು ಹಾಳೆಗೆ ಒಂದೇ ಪದ್ಯ.

ಆಮೇಲೆ ಪೆನ್ಸಿಲ್ ಹಿಡಿದು ಕೂರಿ. ಉಸಿರು ತೆಗೆದುಕೊಳ್ಳುವ ಜಾಗಕ್ಕೆ ಒಂದು ಗೀಟು. ದನಿ ಏರಬೇಕಾದಲ್ಲಿ ಮೇಲಕ್ಕೆ ಬಾಣ, ಇಳಿಯಬೇಕಾದಲ್ಲಿ ಕೆಳಕ್ಕೆ. ಮಕ್ಕಳು ಸೇರಿಕೊಳ್ಳಬೇಕಾದ ಸಾಲಿನ ಕೆಳಗೆ ದಪ್ಪ ಗೆರೆ. ಮಕ್ಕಳಿಗೆ ಹೊಸದಾಗಬಹುದಾದ ಪದಕ್ಕೆ ಸುತ್ತು ಹಾಕಿ. ಒಂದು ಪದ್ಯದಲ್ಲಿ ನಾಲ್ಕೈದು ಸುತ್ತು ಬಂದರೆ ಗಾಬರಿ ಬೇಡ. ಅವುಗಳಲ್ಲಿ ಒಂದೋ ಎರಡೋ ಪದಕ್ಕೆ ಮೊದಲೇ ಅರ್ಥ ಹೇಳಿದರೆ ಸಾಕು. ಉಳಿದದ್ದು ನಿಮ್ಮ ಕೈ, ಕಣ್ಣು, ದನಿಯಿಂದಲೇ ಗೊತ್ತಾಗುತ್ತದೆ. ಓದಿನ ನಡುವೆ ನಿಲ್ಲಿಸಿ ‘ಇದರ ಅರ್ಥ ಏನು ಗೊತ್ತಾ’ ಅಂತ ಕೇಳುವ ಮೇಷ್ಟ್ರ ಅಭ್ಯಾಸವನ್ನು ಆ ಒಂದು ದಿನ ಬಾಗಿಲಲ್ಲೇ ಬಿಟ್ಟುಬನ್ನಿ.

ಮನೆಯಲ್ಲಿ ಗಟ್ಟಿಯಾಗಿ ಓದಿ ನೋಡಿ. ಒಮ್ಮೆ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ನಮ್ಮ ದನಿ ನಮಗೇ ಇಷ್ಟವಾಗುವುದಿಲ್ಲ, ಅದು ಎಲ್ಲರ ಕಥೆ. ದನಿ ಹೇಗಿದೆ ಅಂತ ನೋಡಬೇಡಿ, ವೇಗ ಎಷ್ಟಿದೆ ಅಂತ ನೋಡಿ. ದೊಡ್ಡವರೆಲ್ಲ ಮಕ್ಕಳಿಗೆ ಓದುವಾಗ ಓಡುತ್ತಾರೆ. ನಿಮಗೆ ತೀರಾ ನಿಧಾನ ಅನ್ನಿಸುವ ವೇಗ ಮಕ್ಕಳ ಕಿವಿಗೆ ಸರಿಯಾಗಿರುತ್ತದೆ.

ಜಾಗ, ಕೂರುವ ರೀತಿ

ಅರ್ಧ ಚಂದ್ರಾಕಾರ, ನೆಲದ ಮೇಲೆ ಚಾಪೆ. ಓದುವವರೂ ಕೆಳಗೆ ಕೂತರೆ ಒಳ್ಳೆಯದು, ಮಂಡಿ ನೋವಿದ್ದರೆ ಗಿಡ್ಡ ಮಣೆ ಅಥವಾ ಸಣ್ಣ ಕುರ್ಚಿ. ಕಿಟಕಿ ನಿಮ್ಮ ಬೆನ್ನಿಗಿದ್ದರೆ ಮಕ್ಕಳಿಗೆ ನಿಮ್ಮ ಮುಖ ಕಪ್ಪಾಗಿ ಕಾಣುತ್ತದೆ, ತುಟಿ ಕಾಣುವುದಿಲ್ಲ. ಬೆಳಕು ನಿಮ್ಮ ಮುಖಕ್ಕೆ ಬೀಳುವಂತೆ ಕೂರಿ. ಸದ್ದು ಮಾಡುವ ಫ್ಯಾನ್ ಇದ್ದರೆ ಆರಿಸಿ.

ಪಂಜೆಯವರ ಫೋಟೊ ಇದ್ದರೆ ಇಡಿ. ಹಾರ ನಿಮ್ಮ ಇಷ್ಟ.

ಅಜ್ಜ ಅಜ್ಜಿಯರನ್ನು ಕರೆಯಿರಿ ಅಂತ ಒತ್ತಿ ಹೇಳುತ್ತೇನೆ. ‘ನಾಗರಹಾವೇ’ ಪದ್ಯ ಪುಸ್ತಕವಿಲ್ಲದೆ ಬಾಯಲ್ಲಿ ಬರುವವರು ಆ ತಲೆಮಾರಿನಲ್ಲಿ ಇನ್ನೂ ಬೇಕಾದಷ್ಟು ಇದ್ದಾರೆ. ಅವರು ಹೇಳುವ ಸಾಲಿಗೂ ನಿಮ್ಮ ಹಾಳೆಯಲ್ಲಿರುವ ಸಾಲಿಗೂ ಸ್ವಲ್ಪ ವ್ಯತ್ಯಾಸ ಬಂದರೆ ತಿದ್ದಲು ಹೋಗಬೇಡಿ. ಎಪ್ಪತ್ತು ವರ್ಷದ ಅಜ್ಜಿ ಎರಡನೇ ಕ್ಲಾಸಿನ ಪದ್ಯ ಹೇಳುವುದನ್ನು ಮೊಮ್ಮಗ ಬಾಯಿ ಬಿಟ್ಟು ನೋಡುತ್ತಿರುವಾಗ ಪಾಠಾಂತರದ ಚರ್ಚೆ ಯಾರಿಗೆ ಬೇಕು?

ಪಂಜೆಯವರ ಪರಿಚಯ: ಎರಡೇ ನಿಮಿಷ

ಮಕ್ಕಳಿಗೆ ಇಷ್ಟು ಸಾಕು. ನೂರೈವತ್ತು ವರ್ಷಗಳ ಹಿಂದೆ, 1874ರಲ್ಲಿ, ನೇತ್ರಾವತಿ ನದಿಯ ದಡದ ಬಂಟ್ವಾಳದಲ್ಲಿ ಹುಟ್ಟಿದರು. ಮೇಷ್ಟ್ರಾದರು. ಶಾಲೆಗಳನ್ನು ನೋಡಿ ಬರುವ ಇನ್‌ಸ್ಪೆಕ್ಟರ್ ಆದರು. ಮಡಿಕೇರಿಯಲ್ಲಿ ಹೈಸ್ಕೂಲಿನ ಮುಖ್ಯಸ್ಥರಾಗಿದ್ದರು. ಆಗ ಮಕ್ಕಳಿಗೆ ಅಂತಲೇ ಬರೆದ ಕನ್ನಡ ಪುಸ್ತಕಗಳು ಬಹಳ ಕಡಿಮೆ. ಇವರು ತಾವೇ ಬರೆದರು, ಬೇರೆಯವರಿಂದಲೂ ಬರೆಸಿದರು, ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಅಂತ ಕಟ್ಟಿದರು. 1934ರಲ್ಲಿ ರಾಯಚೂರಿನ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು.

ಎರಡು ವಿಷಯ ಮಾತ್ರ ಸ್ವಲ್ಪ ಬಿಡಿಸಿ ಹೇಳಿ. ಒಂದು, ಅವರು ಬೇರೆ ಬೇರೆ ಹೆಸರಲ್ಲಿ ಬರೆಯುತ್ತಿದ್ದರು. ಪದ್ಯಕ್ಕೆ ‘ಕವಿಶಿಷ್ಯ’. ಇನ್ನೊಂದು ಹೆಸರು ‘ಹರಟೆಮಲ್ಲ’. ಇದನ್ನು ಕೇಳಿ ನಗದ ಮಗು ಇಲ್ಲ. ‘ನಿಮ್ಮ ಗುಂಪಲ್ಲಿ ಹರಟೆಮಲ್ಲ ಯಾರು’ ಅಂತ ಕೇಳಿ, ಎಲ್ಲ ಬೆರಳೂ ಒಬ್ಬರ ಕಡೆ ತಿರುಗುತ್ತವೆ.

ಎರಡನೆಯದು, ಅವರ ಮನೆಮಾತು ಕೊಂಕಣಿ. ಊರಿನ ಮಾತು ತುಳು. ಹಾಗಿದ್ದೂ ಕನ್ನಡದ ಮಕ್ಕಳ ನಾಲಿಗೆಗೆ ಹಾಡು ಕೊಟ್ಟವರು ಅವರು. ನಿಮ್ಮ ಗುಂಪಲ್ಲಿ ಮನೆಯಲ್ಲಿ ತುಳು, ಉರ್ದು, ಬ್ಯಾರಿ, ತಮಿಳು, ತೆಲುಗು, ಲಂಬಾಣಿ ಆಡುವ ಮಕ್ಕಳು ಇರುತ್ತಾರೆ. ‘ನನಗೆ ಕನ್ನಡ ಸರಿಯಾಗಿ ಬರಲ್ಲ’ ಅಂತ ಹಿಂದೆ ಕೂರುವವರು ಅವರೇ. ಈ ಒಂದು ಮಾತು ಅವರನ್ನು ಮುಂದಕ್ಕೆ ಎಳೆಯುತ್ತದೆ.

‘ನಾಗರಹಾವೇ’ ಓದುವ ಬಗೆ

ಇದಕ್ಕೆ ಸಮಯ ಕೊಡಿ. ಇಡೀ ಕೂಟ ನಿಲ್ಲುವುದು ಈ ಪದ್ಯದ ಮೇಲೆ.

‘ನಾಗರಹಾವೇ! ಹಾವೊಳು ಹೂವೇ!’ ಅಂತ ಪದ್ಯ ಶುರು. ನಾಲ್ಕು ಚರಣ. ಪ್ರತಿ ಚರಣದ ಕೊನೆಯ ಸಾಲಿನಲ್ಲಿ ಒಂದೇ ಅಕ್ಷರ ಮತ್ತೆ ಮತ್ತೆ ಬರುತ್ತದೆ. ಮೊದಲ ಚರಣಕ್ಕೆ ‘ಬಾ’, ಎರಡನೆಯದಕ್ಕೆ ‘ನೀ’, ಮೂರನೆಯದಕ್ಕೆ ‘ತಾ’, ಕೊನೆಯದಕ್ಕೆ ‘ಪೋ’. ಮಕ್ಕಳ ಪಾಲು ಈ ನಾಲ್ಕು ಸಾಲು. ಉಳಿದದ್ದು ನಿಮ್ಮದು.

ಮೊದಲು ಪದ್ಯ ಓದದೆ ಈ ನಾಲ್ಕು ಸದ್ದುಗಳನ್ನಷ್ಟೇ ಕಲಿಸಿ. ‘ಬಾ’ ಅನ್ನುವಾಗ ಕೈ ಬೀಸಿ ಕರೆಯಬೇಕು, ದನಿ ಮೆತ್ತಗೆ. ಬಿಲದಲ್ಲಿರುವ ಹಾವನ್ನು ಪೂಸಿ ಹೊಡೆದು ಕರೆಯುತ್ತಿದ್ದೇವೆ, ಕೂಗಿದರೆ ಬರುತ್ತಾ? ‘ನೀ’ ಅನ್ನುವಾಗ ಕೊಳಲು ಹಿಡಿದ ಹಾಗೆ ಬೆರಳು. ಆ ಚರಣದಲ್ಲಿ ಹಾವಿಗೆ ಕೊಳಲು ಊದುವ ಮಾತು ಬರುತ್ತದೆ, ಅದಕ್ಕೇ ‘ನೀ ನೀ’ ಅನ್ನುವುದು ಮೂಗಿನಿಂದ ಬರುವ ರಾಗದ ಹಾಗೆ ಕೇಳಬೇಕು. ‘ತಾ’ ಅನ್ನುವಾಗ ಎರಡೂ ಕೈ ಮುಂದೆ ಚಾಚಬೇಕು, ದನಿಯಲ್ಲಿ ಆಸೆ. ಹಾವಿನ ತಲೆಯಲ್ಲಿ ರನ್ನ ಇದೆಯಂತಲ್ಲ, ಬಡವನಿಗೆ ಕೊಪ್ಪರಿಗೆ ಚಿನ್ನ ಕೊಡು ಅಂತ ಕೇಳುವ ಜಾಗ ಅದು. ‘ಪೋ’ ಅನ್ನುವಷ್ಟರಲ್ಲಿ ಹೆದರಿಕೆ ಹತ್ತಿದೆ. ಹಿಂದಕ್ಕೆ ಜರುಗುತ್ತ, ಕೈಯಲ್ಲಿ ದೂರ ತಳ್ಳುತ್ತ ಹೇಳಬೇಕು. ಕರೆದವರೇ ಕೊನೆಗೆ ಕೈ ಮುಗಿದು ‘ಹೋಗಪ್ಪ’ ಅಂತ ಕಳಿಸುವ ತಮಾಷೆ ಮಕ್ಕಳಿಗೆ ಯಾರೂ ವಿವರಿಸದೆ ಅರ್ಥವಾಗುತ್ತದೆ.

ನಾಲ್ಕೂ ಸದ್ದು ಬಂದ ಮೇಲೆ ನೀವು ಓದಿ. ಮಕ್ಕಳ ಸಾಲು ಬರುವ ಮೊದಲು ಅರೆಗಳಿಗೆ ತಡೆಯಿರಿ. ಹುಬ್ಬು ಏರಿಸಿ ನೋಡಿದರೆ ಸಾಕು, ಬೇರೆ ಸನ್ನೆ ಬೇಡ. ಎರಡನೇ ಸಲ ಓದುವಾಗ ಒಂದು ಮಗುವನ್ನು ಹಾವು ಮಾಡಿ. ನಡುವೆ ಕೂತು, ಒಂದು ಕೈ ಹೆಡೆಯ ಹಾಗೆ ಎತ್ತಿ, ಪದ್ಯದ ಲಯಕ್ಕೆ ತೂಗಬೇಕು. ಹಾವು ಆಗಲು ಜಗಳವೇ ನಡೆಯುತ್ತದೆ. ಅದಕ್ಕೆ ಒಂದೊಂದು ಚರಣಕ್ಕೆ ಒಂದೊಂದು ಹಾವು ಅಂತ ಮೊದಲೇ ಹೇಳಿಬಿಡಿ.

ಮೂರನೇ ಸಲ ನಿಮ್ಮ ಹಾಳೆ ಕೆಳಗಿಡಿ. ಎಷ್ಟು ಸಾಲು ಮಕ್ಕಳಿಗೆ ಬಾಯಿಗೆ ಬಂದಿರುತ್ತದೆ ಅಂತ ನೀವೇ ನೋಡಿ.

ಪದ್ಯ ಮುಗಿದ ಕೂಡಲೇ ಒಬ್ಬರಾದರೂ ಕೇಳುತ್ತಾರೆ: ‘ಹಾವು ನಿಜವಾಗಲೂ ಹಾಲು ಕುಡಿಯುತ್ತಾ?’ ಪದ್ಯದಲ್ಲಿ ಹಾಲು ಕೊಡುವ ಮಾತು ಇದೆಯಲ್ಲ, ಅದಕ್ಕೆ. ನೇರವಾಗಿ ಉತ್ತರ ಕೊಡಿ. ಹಾಲು ಹಾವಿನ ಆಹಾರ ಅಲ್ಲ. ನಾಗರಹಾವು ಇಲಿ, ಕಪ್ಪೆ, ಬೇರೆ ಹಾವುಗಳನ್ನು ತಿನ್ನುತ್ತದೆ. ಅದರ ತಲೆಯಲ್ಲಿ ರತ್ನವೂ ಇಲ್ಲ. ಹಾವು ಕಂಡರೆ ‘ಬಾ’ ಅಂತಲೂ ಅನ್ನಬಾರದು, ‘ಪೋ’ ಅಂತ ಓಡಿಸಲೂ ಹೋಗಬಾರದು, ದೂರ ನಿಂತು ದೊಡ್ಡವರನ್ನು ಕರೆಯಬೇಕು. ಇಷ್ಟು ಹೇಳಿದರೆ ಪದ್ಯದ ಸೊಗಸು ಕಡಿಮೆಯಾಗುತ್ತದೆ ಅಂತ ಹೆದರುವವರಿದ್ದಾರೆ. ಆಗುವುದಿಲ್ಲ. ಕವಿತೆಯ ಹಾವು ಬೇರೆ, ಹಿತ್ತಲಿನ ಹಾವು ಬೇರೆ ಅಂತ ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತು.

ಗಾಳಿ ಎಬ್ಬಿಸುವುದು

‘ತೆಂಕಣ ಗಾಳಿಯಾಟ’ ಆರಿಸಿಕೊಂಡಿದ್ದರೆ ಗುಂಪನ್ನು ಎರಡು ಭಾಗ ಮಾಡಿ. ಒಂದು ಗುಂಪು ಗಾಳಿ, ಇನ್ನೊಂದು ಗುಂಪು ಕಡಲು. ಗಾಳಿ ದೂರದಿಂದ ಬರುತ್ತಿದೆ ಅಂತ ಪದ್ಯ ಶುರುವಾಗುತ್ತದೆ, ಅದು ಹಾವಿನ ಬುಸುಗುಟ್ಟುವಿಕೆಯೋ, ಭೂತದ ಕೂಗೋ ಅಂತ ಅನುಮಾನ ಬರುತ್ತದೆ. ಇಲ್ಲಿ ನಿಮ್ಮ ದನಿ ಪಿಸುಮಾತಿನಷ್ಟು ಸಣ್ಣದಿರಲಿ. ಗಾಳಿ ಗುಂಪು ತುಟಿ ತೆರೆದು ಹಲ್ಲಿನ ಸಂದಿಯಿಂದ ‘ಸ್ಸ್’ ಅನ್ನಲಿ. ಪದ್ಯ ಮುಂದೆ ಹೋದ ಹಾಗೆ ಸದ್ದು ಏರಬೇಕು, ಕಡಲಿಗೆ ಉಬ್ಬರ ಬರುವಾಗ ಎರಡನೇ ಗುಂಪು ಅಂಗೈಯಿಂದ ನೆಲ ಬಡಿಯಲಿ.

ಇಲ್ಲಿ ಒಂದು ಅಪಾಯ ಇದೆ. ಗಾಳಿ ಎದ್ದರೆ ಇಳಿಸುವುದು ಕಷ್ಟ. ಮೊದಲೇ ಒಪ್ಪಂದ ಮಾಡಿಕೊಳ್ಳಿ: ನಾನು ಮುಷ್ಟಿ ಬಿಗಿದರೆ ಸದ್ದು ನಿಲ್ಲಬೇಕು. ಪದ್ಯ ಶುರು ಮಾಡುವ ಮೊದಲು ಎರಡು ಸಲ ಇದನ್ನು ಆಟದ ಹಾಗೆ ಆಡಿಸಿ. ಪಕ್ಕದ ತರಗತಿಯವರಿಗೂ ಮುಂಚೆಯೇ ಹೇಳಿಡುವುದು ಒಳ್ಳೆಯದು.

‘ಉದಯರಾಗ’ ಆದರೆ ಬೇರೆ ರೀತಿ. ಸೂರ್ಯ ಮೂಡುವಾಗ ಎಲ್ಲರೂ ಕುಕ್ಕರಗಾಲಲ್ಲಿ, ಏರುವಾಗ ನಿಧಾನಕ್ಕೆ ನಿಲ್ಲುವುದು. ಮೂಡಲ ದಿಕ್ಕನ್ನು ಕವಿ ರಂಗಸ್ಥಳ ಅಂದಿದ್ದಾರೆ, ಅಲ್ಲಿ ಸೂರ್ಯ ಕತ್ತಲ ಜೊತೆ ಜಗಳಾಡಿ ಕುಣಿಯುತ್ತಾನೆ. ಯಕ್ಷಗಾನ ನೋಡಿದ ಮಕ್ಕಳಿದ್ದರೆ ಆ ಕುಣಿತವನ್ನು ಅವರಿಂದಲೇ ಮಾಡಿಸಿ. ಕೊನೆಯ ಚರಣದಲ್ಲಿ ಮೇಲೇರಿದವನು ಚಿಕ್ಕವನಾಗಿರಬೇಕು ಅನ್ನುವ ಮಾತು ಬರುತ್ತದೆ. ಅದನ್ನು ಹಿಡಿದುಕೊಂಡು ವಿನಯದ ಮೇಲೆ ಐದು ನಿಮಿಷ ಕೊರೆಯುವ ಆಸೆ ಬರುತ್ತದೆ. ತಡೆದುಕೊಳ್ಳಿ.

ಕಥೆ

ಪದ್ಯಗಳಲ್ಲಿ ಎದ್ದು ಕುಣಿದ ಮಕ್ಕಳು ಈಗ ದಣಿದು ಕೂತಿರುತ್ತಾರೆ. ಕಥೆಗೆ ಇದೇ ಸಮಯ.

ಕಥೆಯನ್ನು ಓದಬೇಕು, ಹೇಳಬಾರದು ಅನ್ನುವುದು ಈ ಕೂಟದ ಮಟ್ಟಿಗೆ ನನ್ನ ಹಟ. ಕಥೆ ಹೇಳುವುದು ಬೇರೆಯೇ ಕಲೆ, ಬೇರೆ ದಿನ ಮಾಡಿ. ಇವತ್ತು ಮಕ್ಕಳಿಗೆ ಪಂಜೆಯವರ ವಾಕ್ಯಗಳೇ ಸಿಗಲಿ. ಕಣ್ಣು ಹಾಳೆಯ ಮೇಲೇ ನೆಟ್ಟಿರಬೇಕಿಲ್ಲ. ಸಾಲಿನ ಕೊನೆಯ ಮೂರು ನಾಲ್ಕು ಪದಗಳನ್ನು ಕಣ್ಣಲ್ಲಿ ಹಿಡಿದುಕೊಂಡು ತಲೆ ಎತ್ತಿ, ಅವನ್ನು ಮಕ್ಕಳ ಮುಖ ನೋಡಿ ಹೇಳಿ. ಸ್ವಲ್ಪ ಅಭ್ಯಾಸ ಬೇಕು, ಆದರೆ ಇಷ್ಟೊಂದೇ ಕಲಿತರೂ ಓದಿನ ಬಣ್ಣ ಬದಲಾಗುತ್ತದೆ.

ಹೊಸ ದನಿ ಕಟ್ಟುವುದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ದೊಡ್ಡ ಕರಡಿಗೆ ಎದೆಯಿಂದ ದನಿ, ಮರಿ ಕರಡಿಗೆ ತುಟಿ ತುದಿಯಿಂದ. ಅಷ್ಟು ಸಾಕು. ದನಿ ಬದಲಿಸಲು ನಾಚಿಕೆಯಾದರೆ ವೇಗ ಬದಲಿಸಿ: ಒಬ್ಬರು ನಿಧಾನಕ್ಕೆ ಮಾತಾಡಲಿ, ಇನ್ನೊಬ್ಬರು ಗಡಿಬಿಡಿಯಲ್ಲಿ.

‘ಸಿಗಡಿ ಯಾಕೆ ಒಣಗಲಿಲ್ಲ’ ಓದುವವರು ಅದರ ಸರಪಳಿಯನ್ನು ಬಳಸಿಕೊಳ್ಳಿ. ಒಂದರ ಬಾಲ ಹಿಡಿದು ಇನ್ನೊಂದು ಪ್ರಶ್ನೆ ಬರುತ್ತದೆ. ಪ್ರಶ್ನೆ ಕೇಳುವ ಕೆಲಸ ಮಕ್ಕಳದ್ದಾಗಲಿ. ಕರಾವಳಿಯಿಂದ ದೂರದ ಊರಾದರೆ ಸಿಗಡಿಯ ಒಂದು ಚಿತ್ರ ತೋರಿಸಿಯೇ ಶುರು ಮಾಡಿ. ಇಲ್ಲದಿದ್ದರೆ ಕಥೆ ಮುಗಿಯುವವರೆಗೂ ಅರ್ಧ ಮಕ್ಕಳು ಸಿಗಡಿ ಅಂದರೆ ಏನು ಅಂತಲೇ ಯೋಚಿಸುತ್ತಿರುತ್ತಾರೆ.

ನಡುವೆ ಮಗು ಎದ್ದು ಹೋಗುತ್ತದೆ, ಇನ್ನೊಂದು ತನ್ನ ಮನೆಯ ನಾಯಿಯ ಕಥೆ ಶುರು ಮಾಡುತ್ತದೆ. ‘ಆಮೇಲೆ ಹೇಳು, ಖಂಡಿತ ಕೇಳ್ತೀನಿ’ ಅನ್ನಿ. ಹೇಳಿದ ಮೇಲೆ ಆಮೇಲೆ ಕೇಳಲೇಬೇಕು. ಗದರಿದರೆ ಇಡೀ ಗುಂಪು ಬಾಯಿ ಮುಚ್ಚಿಕೊಳ್ಳುತ್ತದೆ, ಮುಂದಿನ ಪದ್ಯಕ್ಕೆ ಯಾರೂ ದನಿ ಸೇರಿಸುವುದಿಲ್ಲ.

ಕಥೆ ಮುಗಿದ ಮೇಲೆ ನೀತಿ ಕೇಳಬೇಡಿ. ‘ನಿನಗೆ ಯಾವ ಜಾಗ ಇಷ್ಟವಾಯ್ತು, ಅದನ್ನೇ ಮತ್ತೆ ಓದ್ತೀನಿ’ ಅನ್ನಿ. ಬಂದ ಉತ್ತರದಲ್ಲೇ ಅವರು ಎಷ್ಟು ಕೇಳಿಸಿಕೊಂಡಿದ್ದಾರೆ ಅಂತ ಗೊತ್ತಾಗುತ್ತದೆ. ಬಹುಮಾನದ ಕ್ವಿಜ್ ಮಾಡುವ ಯೋಚನೆ ಇದ್ದರೆ ಕೈಬಿಡಿ. ಪಂಜೆಯವರು ಹುಟ್ಟಿದ ಇಸವಿ ಗೊತ್ತಿರುವ ಮಗು ಪೆನ್ಸಿಲ್ ಬಾಕ್ಸ್ ತೆಗೆದುಕೊಂಡು ಹೋಗುತ್ತದೆ, ಚಂದವಾಗಿ ಹಾವಾಗಿ ತೂಗಿದ ಮಗು ಬರಿಗೈಯಲ್ಲಿ ಹೋಗುತ್ತದೆ. ಇದು ಯಾವ ನ್ಯಾಯ?

ಮಕ್ಕಳೇ ಓದುವ ಸರದಿ

ಕೊನೆಯ ಹತ್ತು ನಿಮಿಷ ಅವರಿಗೆ ಬಿಡಿ. ಒಬ್ಬೊಬ್ಬರನ್ನೇ ನಿಲ್ಲಿಸಿ ಓದಿಸಿದರೆ ಅದು ಪರೀಕ್ಷೆಯಾಗುತ್ತದೆ. ಇಬ್ಬರಿಬ್ಬರ ಜೋಡಿ ಮಾಡಿ. ಒಬ್ಬರು ಒಂದು ಸಾಲು, ಇನ್ನೊಬ್ಬರು ಮುಂದಿನ ಸಾಲು.

ಇಂಗ್ಲಿಷ್ ಮೀಡಿಯಂ ಮಕ್ಕಳಲ್ಲಿ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ ಅನ್ನುವವರು ಬಹಳ. ಅವರ ಸಲುವಾಗಿ ಪದ್ಯವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಡುವ ಅಭ್ಯಾಸ ಕೆಲವು ಕಡೆ ಇದೆ. ನನಗೆ ಅದು ಸರಿ ಅನ್ನಿಸುವುದಿಲ್ಲ, ದೀರ್ಘ, ಒತ್ತಕ್ಷರ ಎಲ್ಲ ಕಲಸಿಹೋಗುತ್ತದೆ. ಅದರ ಬದಲು ಕೇಳಿ ಹೇಳಿಸಿ. ಅಷ್ಟು ಹೊತ್ತಿಗೆ ‘ನಾಗರಹಾವೇ’ ಮೂರು ಸಲ ಕೇಳಿರುತ್ತಾರೆ, ಸಾಲು ಬಾಯಲ್ಲಿರುತ್ತದೆ. ಆಮೇಲೆ ಕನ್ನಡದ ಹಾಳೆ ಕೊಟ್ಟು, ಬೆರಳಿಟ್ಟುಕೊಂಡು ‘ಓದು’ ಅನ್ನಿ. ಬಾಯಲ್ಲಿರುವ ಸದ್ದು, ಬೆರಳ ಕೆಳಗಿರುವ ಅಕ್ಷರ ಎರಡೂ ಕೂಡಿಕೊಳ್ಳುತ್ತವೆ. ‘ಬಾ ಬಾ ಬಾ’ ಸಾಲಿನಿಂದ ಶುರು ಮಾಡಿದರೆ ಅಕ್ಷರವೇ ಬರದ ಮಗುವೂ ಮೊದಲ ಸಾಲು ಓದಿಬಿಡುತ್ತದೆ.

ತೀರಾ ನಾಚುವ ಮಗುವಿಗೆ ಒತ್ತಾಯ ಬೇಡ. ಹಾಳೆ ಹಿಡಿದುಕೊಳ್ಳುವ ಕೆಲಸ ಕೊಡಿ.

ಮನೆಯಲ್ಲಿ, ದೂರದಲ್ಲಿ

ಒಂದೇ ಮಗು, ಒಬ್ಬರೇ ದೊಡ್ಡವರು ಇದ್ದರೆ ಈ ಏರ್ಪಾಡೆಲ್ಲ ಬೇಡ. ಮಲಗುವ ಹೊತ್ತಿಗೆ ಒಂದು ಪದ್ಯ, ಒಂದು ಕಥೆ. ಗಾಳಿಯ ಪದ್ಯ ಮಾತ್ರ ಆ ಹೊತ್ತಿಗೆ ಬೇಡ, ಮಗು ಮಲಗುವುದಿಲ್ಲ.

ಅಜ್ಜಿ ಪುತ್ತೂರಲ್ಲಿ, ಮೊಮ್ಮಕ್ಕಳು ಡಲ್ಲಾಸಿನಲ್ಲಿ ಅನ್ನುವ ಮನೆಗಳು ಈಗ ಎಲ್ಲೆಲ್ಲೂ ಇವೆ. ವಿಡಿಯೊ ಕಾಲ್‌ನಲ್ಲಿ ಎಲ್ಲರೂ ಒಟ್ಟಿಗೆ ದನಿ ಸೇರಿಸಲು ಹೋದರೆ ಸದ್ದು ಹಿಂದೆ ಮುಂದೆ ಆಗಿ ಗೊಂದಲವಾಗುತ್ತದೆ. ಅದಕ್ಕೆ ಸರದಿ ಮಾಡಿ, ಅಜ್ಜಿ ಚರಣ ಓದಲಿ, ಮಗು ಕೊನೆಯ ಸಾಲು ಹೇಳಲಿ. ಅಮೆರಿಕದಲ್ಲಿ ಸಂಜೆಯಾದಾಗ ಇಲ್ಲಿ ಬೆಳಗಾಗಿರುತ್ತದೆ, ಹಾಗಾಗಿ ‘ಉದಯರಾಗ’ ಓದಲು ಅಜ್ಜಿಗೆ ಕಿಟಕಿಯ ಬಳಿ ಕೂರಲು ಹೇಳಿ. ಕರೆ ಸರಿಯಾಗಿ ಸಿಗದಿದ್ದರೆ ವಾಟ್ಸಾಪ್‌ನಲ್ಲಿ ಧ್ವನಿ ಸಂದೇಶ ಕಳಿಸಿದರೂ ನಡೆಯುತ್ತದೆ. ಅದನ್ನು ಮಗು ಬೇಕಾದಷ್ಟು ಸಲ ಕೇಳಬಹುದು.

ಬೇರೆಯವರ ಮಕ್ಕಳು ಇರುವ ವಿಡಿಯೊ ಹಾಕುವ ಮೊದಲು ಅಪ್ಪ ಅಮ್ಮನನ್ನು ಕೇಳಿ. ಪಂಜೆಯವರ ಪದ್ಯ ಎಲ್ಲರ ಸ್ವತ್ತು, ಮಕ್ಕಳ ಮುಖ ಅಲ್ಲ.

ಹಾಳೆಯ ಹಿಂಬದಿ

ಮಕ್ಕಳು ಹೋಗುವಾಗ ಪದ್ಯದ ಹಾಳೆ ಕೈಗೆ ಕೊಡಿ. ಅದರ ಹಿಂಬದಿ ಖಾಲಿ ಬಿಡಿ. ಮನೆಯಲ್ಲಿ ಯಾರಿಗೆ ಓದಿ ಹೇಳಿದರೋ ಅವರ ಹೆಸರನ್ನು ಅಲ್ಲಿ ಬರೆಸಿಕೊಂಡು ಬರಲು ಹೇಳಿ. ಅಜ್ಜ, ಪಕ್ಕದ ಮನೆಯ ಆಂಟಿ, ಎಮ್ಮೆ, ಯಾರಾದರೂ ಸರಿ. ಎಮ್ಮೆಯ ಸಹಿ ಮಗುವೇ ಹಾಕಬಹುದು. ಒಂದು ವಾರ ಬಿಟ್ಟು ಆ ಹಾಳೆಗಳನ್ನು ಶಾಲೆಯ ಅಥವಾ ಲೈಬ್ರರಿಯ ಗೋಡೆಗೆ ಅಂಟಿಸಿ.

ಇನ್ನೊಂದು ಕೂಟ ಬೇಕು ಅಂತ ಮಕ್ಕಳು ಕೇಳಿದರೆ ಮುಂದಿನ ಫೆಬ್ರವರಿಯವರೆಗೆ ಕಾಯಿಸಬೇಡಿ. ಏಪ್ರಿಲ್ 2 ಅಂತರರಾಷ್ಟ್ರೀಯ ಮಕ್ಕಳ ಪುಸ್ತಕ ದಿನ, ಅಷ್ಟರಲ್ಲಿ ಪರೀಕ್ಷೆಗಳ ಗದ್ದಲವೂ ತಗ್ಗಿರುತ್ತದೆ. ಅಕ್ಟೋಬರ್ 10 ಶಿವರಾಮ ಕಾರಂತರ ಹುಟ್ಟುಹಬ್ಬ, ಡಿಸೆಂಬರ್ 5 ರಾಜರತ್ನಂ ಅವರದು. ಮುಂದಿನ ಕೂಟಕ್ಕೆ ಓದುವವರನ್ನು ಮಕ್ಕಳೇ ಆರಿಸಲಿ. ಈ ಸಲ ಅಜ್ಜಿಯ ಪದ್ಯ ಕೇಳಿದ್ದರೆ, ಅವರು ಆರಿಸುವುದು ನಿಮ್ಮನ್ನಂತೂ ಅಲ್ಲ.